ನನ್ನ ಗೇಣಿನ ಹಲಗೆಗಳು

ಹಾಡು ಕೇಳಬೇಕೆಂದರೆ ಮೊದಲು ಮನೆಯಲ್ಲಿ ಅದಕ್ಕೊಂದು ಜಾಗ ಮಾಡಬೇಕಿದ್ದ ದಿನಗಳವು. ಮಾನ್ವಿಯ ನಮ್ಮ ಓಣಿಯಲ್ಲಿ ಟೇಪ್ ರಿಕಾರ್ಡರ್ ಇದ್ದ ಮನೆಗಳು ಎರಡೋ ಮೂರೋ. ಅವರು ಅದಕ್ಕೆ ಹೂ ಹೆಣೆದ ಬಟ್ಟೆ ಹೊದಿಸಿ, ಮನೆಗೆ ಬಂದವರಿಗೆ ಅದರ ಪಕ್ಕದಲ್ಲೇ ಕುರ್ಚಿ ಹಾಕುತ್ತಿದ್ದರು. ನಮ್ಮಲ್ಲಿ ಇದ್ದದ್ದು ಒಂದು ರೇಡಿಯೊ. ನೆತ್ತಿಗೆ ತಟ್ಟಿದರೆ ಮಾತಾಡುತ್ತಿತ್ತು, ತಟ್ಟದಿದ್ದರೆ ಸುಮ್ಮನಿರುತ್ತಿತ್ತು. ಪ್ರೈಮರಿ ಶಾಲೆಯ ಮಾಸ್ತರನಾದ ನಮ್ಮಪ್ಪ ದಿನಾ ಸಂಜೆ ಅದರ ಮುಂದೆ ಬಗ್ಗಿ ಕೂತು, ಗೊರಗೊರ ಸದ್ದಿನ ನಡುವೆ ಹಾಡು ಹುಡುಕುತ್ತಿದ್ದ.

ನನಗೆ ಆಗ ಹನ್ನೊಂದು ವರ್ಷ. ಭತ್ತದ ಸುಗ್ಗಿಯ ಕಾಲ. ಅಕ್ಕಿ ಮಿಲ್ಲುಗಳ ಕಡೆಯಿಂದ ಕುದಿಸಿದ ಭತ್ತದ ವಾಸನೆ ಊರೆಲ್ಲ ಹರಡಿರುತ್ತಿತ್ತು. ಅಂಗಳದಲ್ಲಿ ಒಣ ಹಾಕಿದ ಬಟ್ಟೆಗಳ ಮೇಲೆ ಹೊಟ್ಟಿನ ಬೂದಿ ಬಂದು ಕೂಡುತ್ತಿತ್ತು. ಅವ್ವನ ಅಣ್ಣ, ಅಂದರೆ ನಮ್ಮ ಮಾಮಾ, ರಾಯಚೂರಿನಲ್ಲಿ ನೌಕರಿಯಲ್ಲಿದ್ದವನಿಗೆ ಆ ಸುಗ್ಗಿಯಲ್ಲೇ ದೂರದ ಊರಿಗೆ ವರ್ಗವಾಯಿತು. ಅವನ ಹತ್ತಿರ ಒಂದು ಸ್ಟೀರಿಯೊ ಸೆಟ್ಟಿತ್ತು: ಕ್ಯಾಸೆಟ್ ಹಾಕುವ ಬಾಯಿ ಇದ್ದ ದೊಡ್ಡ ಆಂಪ್ಲಿಫೈಯರ್, ಒಂದು ರಿಕಾರ್ಡ್ ಪ್ಲೇಯರ್, ಎರಡು ಸ್ಪೀಕರ್ ಪೆಟ್ಟಿಗೆ. ಹೊಸ ಊರಿಗೆ ಅದನ್ನು ಹೊತ್ತೊಯ್ಯುವ ಮನಸ್ಸು ಅವನಿಗಿರಲಿಲ್ಲ. ನೋಡಿ ಬರಲು ರಾಯಚೂರಿಗೆ ಹೋಗಿದ್ದ ಅಪ್ಪನಿಗೆ, ನಿಮ್ಮಲ್ಲಿ ಬಿಡುತ್ತೇನೆ ಎಂದ, ಆದರೆ ಒಂದು ಕರಾರು ಹಾಕಿದ.

"ನೆಲದ ಮ್ಯಾಲ ಇಡಂಗಿಲ್ಲ ನೋಡ್ರಿ ಮಾಸ್ತರ. ನನ್ನ ತಂಗಿ ದಿನಾ ಪರಸಿಗೆ ಕೊಡಗಟ್ಲೆ ನೀರ ಹೊಡಿತಾಳ. ಮ್ಯಾಲ ನಿಮ್ಮನಿ ಇಲಿ ಬ್ಯಾರೆ. ಬರೋ ಐತವಾರ ತರತೀನಿ. ಗಟ್ಟಿ ರ‍್ಯಾಕ್ ಇತ್ತಂದ್ರ ಬಿಟ್ಟು ಹೋಗತೀನಿ. ಇಲ್ಲಂದ್ರ ಸೀದಾ ಸಿರವಾರದ ತಮ್ಮನ ಮನಿಗೆ."

"ತರ್ರಿ ನೀವು. ರ‍್ಯಾಕ್ ನಾನಾ ಮಾಡತೀನಿ," ಎಂದ ಅಪ್ಪ. ರಾಯಚೂರಿನಿಂದ ಹೊರಡುವ ಮುಂಚೆ ಅವನು ಆಂಪ್ಲಿಫೈಯರಿನ ಮೇಲೆ ಕೈ ಊರಿ ಅಳೆದುಕೊಂಡಿದ್ದ. ಸಂದಿಗೆ ಬಿಟ್ಟ ಎರಡು ಬೆರಳೂ ಸೇರಿ, ಎರಡು ಗೇಣು ಎರಡು ಬೆರಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಜಪಿಸುತ್ತ ಬಂದನಂತೆ.

ಮರಕ್ಕೆ ತೊಂದರೆಯಿರಲಿಲ್ಲ. ದೇವದುರ್ಗದ ಅಜ್ಜನ ಮನೆಯ ಅಟ್ಟ ಇಳಿಸಿದಾಗ ಎರಡು ತೇಗದ ಹಲಗೆಗಳು ಬಸ್ಸಿನ ನೆತ್ತಿ ಏರಿ ನಮ್ಮನೆಗೆ ಬಂದಿದ್ದವು. ಒಂದೂವರೆ ಗೇಣು ಅಗಲ, ಆಳುದ್ದಕ್ಕಿಂತ ತುಸು ಹೆಚ್ಚು ಉದ್ದ. ಒಂದನ್ನು ಅಪ್ಪನೇ ಕೈಗರಗಸದಿಂದ ಎರಡು ಹೋಳು ಮಾಡಿದ. ಅವು ರ‍್ಯಾಕಿನ ಎರಡು ಪಕ್ಕಗಳು. ಅಷ್ಟಕ್ಕೇ ಅಂಗೈಯಲ್ಲಿ ಬೊಬ್ಬೆ ಎದ್ದವು. ಖಾನೆಗಳಿಗೆ ಬೇಕಾದ ಇನ್ನೊಂದನ್ನು ಕಟ್ಟಿಗೆ ಅಡ್ಡೆಯಲ್ಲಿ ಕೊಯ್ಸಬೇಕಾಯಿತು. ಅಡ್ಡೆಗೆ ಕರೆಂಟು ಬರುತ್ತಿದ್ದದ್ದು ಮಧ್ಯಾಹ್ನ, ಅಪ್ಪನ ಶಾಲೆ ಬಿಡುತ್ತಿದ್ದದ್ದು ಸಂಜೆ. ನನಗೆ ಬೆಳಗಿನ ಶಾಲೆ. ಮಿಲ್ಲಿನ ಕಡೆ ಹೊರಟಿದ್ದ ಬಂಡಿಯೊಂದರ ಮೇಲೆ ಹಲಗೆ ಹಾಕಿಸಿ, ಅವ್ವ ನನ್ನನ್ನು ಅದರ ಹಿಂದೆ ಕಳಿಸಿದಳು.

ಅಡ್ಡೆಯ ಖಾಜಾಸಾಬರು ಹುಬ್ಬಿನವರೆಗೆ ಮರದ ಹುಡಿ ಮೆತ್ತಿಕೊಂಡಿದ್ದರು.

"ಎಷ್ಟಕ್ಕ ಕೊಯ್ಯಬೇಕು ಬೇಟಿ?"

"ಎರಡು ಗೇಣು, ಎರಡು ಬೆರಳು. ಹಲಗಿ ಪೂರಾ ಹಂಗಾ ತುಂಡು ಮಾಡಬೇಕಂತ್ರಿ."

"ಗೇಣು ಯಾರದು?"

ನನಗೆ ಅರ್ಥವಾಗಲಿಲ್ಲ. ಅವರು ಗರಗಸದ ಯಂತ್ರ ನಿಲ್ಲಿಸಿ ಹೇಳಿದರು: "ಇಂಚು ಹೇಳಿದ್ರ ನಾ ಟೇಪು ಹಿಡಿತಿದ್ದೆ. ಗೇಣು ಹೇಳಿದ ಮ್ಯಾಲ ಮನಿಯವರ ಕೈನಾ ಇಡಬೇಕು. ಬಾಗಲಾಗಲಿ, ಮಂಚಾಗಲಿ, ಯಾರ ಮನಿ ಸಾಮಾನೋ ಅವರ ಗೇಣು. ನಮ್ಮಪ್ಪನ ಕಾಲದಿಂದ ಈ ಅಡ್ಡೆದಾಗ ಹಂಗಾ ಅದ."

"ಅಪ್ಪ ಸಾಲ್ಯಾಗ ಅದಾನ್ರಿ."

"ನೀ ಆ ಮನಿಯಾಕಿ ಅಲ್ಲೇನು? ಇಡು ಕೈ."

ಅಲ್ಲಿಯವರೆಗೆ ದೊಡ್ಡವರ ಯಾವ ಕೆಲಸಕ್ಕೂ ಯಾರೂ ನನ್ನ ಕೈ ಕೇಳಿರಲಿಲ್ಲ. ಗಜಗದ ಆಟದಲ್ಲಿ ಸಹ ಐದು ಕಾಳು ನನ್ನ ಅಂಗೈಯಲ್ಲಿ ನಿಲ್ಲುತ್ತಿರಲಿಲ್ಲ. ಆದಷ್ಟೂ ಅಗಲಿಸಿ ಕೈ ಇಟ್ಟೆ. ಖಾಜಾಸಾಬರು ಪೆನ್ಸಿಲ್ಲಿನಿಂದ ಗೀಟು ಹಾಕಿ, ಒಂದು ಗಳಿಗೆ ನನ್ನ ಮುಖ ನೋಡಿದರು.

"ಸಣ್ಣ ಸ್ಟೂಲ್ ಮಾಡ್ತಾರೇನು?"

ಇಲ್ಲ ಎಂದರೆ, ದೊಡ್ಡವರನ್ನು ಕರೆದುಕೊಂಡು ಬಾ ಎಂದು ವಾಪಸ್ಸು ಕಳಿಸುತ್ತಾರೆ. "ಹೂಂ," ಎಂದುಬಿಟ್ಟೆ.

ಐದು ತುಂಡುಗಳಾದವು. ಸಂಜೆ ಅಪ್ಪ ಎಣಿಸಿ, "ಐದು ಬಂದಾವ! ನಾ ಮೂರೋ ನಾಕೋ ಅನ್ಕೊಂಡಿದ್ದೆ," ಎಂದು ಖುಷಿಪಟ್ಟ. ಒಂದರ ಮೇಲೊಂದು ಪೇರಿಸಿ, ಗುರುವಾರದಿಂದ ಉಸುಕಿನ ಕಾಗದದಲ್ಲಿ ಉಜ್ಜಲು ಕೂತ. ಅವನ ಕೆಲಸವೆಂದರೆ ಹಾಗೆ, ಮಕ್ಕಳ ಕಾಪಿ ತಿದ್ದಿದಂತೆ ಒಂದು ಚುಕ್ಕೆಯನ್ನೂ ಬಿಡುವವನಲ್ಲ. ಆವತ್ತೇ ಅವ್ವನ ಜೊತೆ ಮಾತಾಡುತ್ತ ಅವನು ಒಂದು ತುಂಡಿನ ಮೇಲೆ ಎರಡೂ ಅಂಗೈ ಪಕ್ಕಪಕ್ಕ ಅಗಲಿಸಿ ಊರಿಕೊಂಡ. ಒಂದು ಕೈ ಹಲಗೆಯ ಮೇಲಿತ್ತು. ಇನ್ನೊಂದರ ಬೆರಳುಗಳು ಅಂಚು ದಾಟಿ ಗಾಳಿಯಲ್ಲಿದ್ದವು. ಅವನು ನೋಡಲಿಲ್ಲ. ನಾನು ನೋಡಿದೆ. ಅವನು ಎದ್ದು ಹೋದ ಮೇಲೆ ನನ್ನ ಕೈ ಇಟ್ಟೆ. ಎರಡು ಗೇಣು, ಎರಡು ಬೆರಳು, ಸರಿಯಾಗಿ.

ಬೇರೆ ಹಲಗೆ ಇರಲಿಲ್ಲ. ಐತವಾರಕ್ಕೆ ಮೂರೇ ದಿನ. ಹೇಳಬೇಕು ಎಂದು ಹತ್ತಿರ ಹೋದಾಗೆಲ್ಲ ಅಪ್ಪ, "ಮುಟ್ಟಿ ನೋಡು, ಹೆಂಗ ನುಣ್ಣಗಾಗೇದ," ಎನ್ನುತ್ತಿದ್ದ. ಮುಟ್ಟಿ, ತಲೆಯಾಡಿಸಿ ಬರುತ್ತಿದ್ದೆ. ಶನಿವಾರ ಪಾಲಿಶ್ ಬಂತು. ಅದರ ಸ್ಪಿರಿಟ್ ವಾಸನೆ ಮನೆಯೆಲ್ಲ ತುಂಬಿತು. ಪುಂಡಿಪಲ್ಯದ ಜೊತೆ ಅರ್ಧ ರೊಟ್ಟಿಯೂ ಇಳಿಯಲಿಲ್ಲ. ಏನು ತಿಂದೆಯೋ ಎಂದು ಬೈಯುತ್ತ ಅವ್ವ ಅಜವಾನದ ನೀರು ಕುಡಿಸಿದಳು.

ಐತವಾರ ಬೆಳಿಗ್ಗೆ ಅಪ್ಪ ಎರಡು ಪಕ್ಕಗಳನ್ನು ಗೋಡೆಗೆ ಆನಿಸಿ, ಬಾಯಲ್ಲಿ ಮೊಳೆ ಕಚ್ಚಿಕೊಂಡು, "ಹಿಡಿ ಇದನ್ನ," ಎಂದು ಒಂದು ತುಂಡು ಚಾಚಿದ.

"ಅಪ್ಪಾ, ಮೊಳಿ ಹೊಡಿಬ್ಯಾಡ."

"ಯಾಕ?"

"ಅವು ಗಿಡ್ಡ ಅದಾವ. ನನ್ನ ಗೇಣಿಲೆ ಕೊಯ್ಸೀನಿ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅಪ್ಪ ಬಾಯಿಂದ ಮೊಳೆಗಳನ್ನು ಒಂದೊಂದಾಗಿ ತೆಗೆದ. ತುಂಡಿನ ಮೇಲೆ ಕೈಯಿಟ್ಟು ಅಳೆದ. ಆರೇಳು ಬೆರಳು ಕಡಿಮೆ.

"ಯಾವಾಗ ಗೊತ್ತಾತು ನಿನಗ?"

"ಗುರುವಾರ."

"ಗುರುವಾರದಿಂದ ನಾ ಉಜ್ಜಾಕತ್ತೀನಿ, ನೀ ಬಾಜೂಕ ಕುಂತು ನೋಡಾಕತ್ತಿ!"

ಸುತ್ತಿಗೆ ಕೆಳಗಿಟ್ಟು ಅಂಗಳಕ್ಕೆ ಹೋದ. ಬಕೆಟ್ಟಿನಿಂದ ನೀರು ತೆಗೆದು ಮುಖಕ್ಕೆ ಹಾಕಿಕೊಳ್ಳುವುದು ಕೇಳಿಸಿತು. ನಾನು ತುಂಡು ಹಿಡಿದುಕೊಂಡೇ ನಿಂತಿದ್ದೆ. ಅಪ್ಪ ಸಂಜೆಯೆಲ್ಲ ಆ ಗೊರಗೊರ ರೇಡಿಯೊದ ಮುಂದೆಯೇ ಬಗ್ಗಿ ಕೂರುವುದು ನನ್ನ ಕಣ್ಣಿಗೆ ಕಟ್ಟಿತು. ಅವನು ವಾಪಸ್ಸು ಬಂದು ನನ್ನ ಕೈ ಎಳೆದುಕೊಂಡು ಅಂಗೈ ಮೇಲೆ ಮಾಡಿ ನೋಡಿದ.

"ಖಾಜಾಸಾಬ ಏನೂ ಕೇಳಲಿಲ್ಲೇನು?"

"ಸಣ್ಣ ಸ್ಟೂಲ್ ಏನು ಅಂತ ಕೇಳಿದ್ರು. ಹೂಂ ಅಂದೆ." ನನಗೆ ಅಳು ಒತ್ತರಿಸಿ ಬಂತು.

"ಅಳೂದು ಸಂಜಿಗೆ ಇಟ್ಕೋ ಯವ್ವಾ," ಎಂದ ಅಪ್ಪ. "ನಿಮ್ಮ ಮಾಮಾನ ಬಸ್ಸು ಹತ್ತಕ್ಕ ಬರತದ. ಈಗ ಇದನ್ನ ಏನ್ ಮಾಡೂನು ಹೇಳು."

ದಾರಿ ತೋರಿಸಿದ್ದು ಹಿಟ್ಟಿನ ಕೈಯಲ್ಲೇ ಹೊರಬಂದ ಅವ್ವ. "ಉದ್ದಕ್ಕ ಯಾಕ ಇಡತೀರಿ? ಊಟಕ್ಕ ಕೂಡಾಕ ಎರಡು ಮಣಿ ಜೋಡಿಸಿ ಹಾಕಿದಂಗ ಬಾಜೂಕ ಬಾಜೂಕ ಇಡ್ರಿ."

ಎರಡು ತುಂಡು ಪಕ್ಕಪಕ್ಕ ಇಟ್ಟರೆ ಆಂಪ್ಲಿಫೈಯರ್ ಕೂತು, ಇನ್ನೂ ಜಾಗ ಉಳಿಯುತ್ತಿತ್ತು. ಉರುವಲಿನಲ್ಲಿದ್ದ ಹಳೆಯ ಕಿಟಕಿಯ ಪಟ್ಟಿಗಳನ್ನು ಅಡಿಗೆ ಕೊಟ್ಟು ಅಪ್ಪ ಮೊಳೆ ಹೊಡೆದ, ನಾನು ಹಿಡಿದೆ. ನಾಲ್ಕು ತುಂಡಿನಲ್ಲಿ ಎರಡು ಅಗಲ ಖಾನೆಗಳಾದವು. ಐದನೆಯದನ್ನು ಅವ್ವ ಎತ್ತಿಕೊಂಡು ಒಳಗೆ ಹೋದಳು, ಕೂರಲು ಮಣೆಯಾಯಿತೆಂದು.

ಮಾಮಾ ರಿಕ್ಷಾದಿಂದ ಪೆಟ್ಟಿಗೆಗಳನ್ನು ಇಳಿಸಿ ಒಳಗೆ ಬಂದವನೇ ನಿಂತ.

"ಇದೇನ್ರೀ ಮಾಸ್ತರ, ರ‍್ಯಾಕ್ ಮಾಡ್ರಿ ಅಂದ್ರ ಮಂಚ ಮಾಡೀರಿ!"

"ಮಲಗಿ ನೋಡ್ರಿ ಬೇಕಾದ್ರ," ಎಂದ ಅಪ್ಪ.

ಮಾಮಾ ಮಲಗಲಿಲ್ಲ, ತಿರುಗಿ ಅದರ ಮೇಲೆ ಏರಿ ಕೂತೇಬಿಟ್ಟ. ಅವನದು ಭಾರೀ ಆಳು. ಎಲ್ಲೋ ಒಂದು ಮೊಳೆ ಕಿರ್ ಎಂದಿತು. ಅವನು ಆಚೆ ಈಚೆ ಅಲುಗಿದ, ರ‍್ಯಾಕು ಅಲುಗಲಿಲ್ಲ.

"ಗಟ್ಟಿ ಅದ. ಆದ್ರ ಹಲಗಿ ಯಾಕ ಹಿಂಗ ಅಡ್ಡ ಹಾಕೀರಿ?"

ಅಪ್ಪ ನನ್ನ ಕಡೆ ನೋಡಲಿಲ್ಲ. "ಕ್ಯಾಸೆಟ್ ಇಡಾಕ ಅಗಲ ಬೇಕಿತ್ತು," ಎಂದ.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಮಾಮಾ ಎದ್ದಾಗ ಅವನ ಬಿಳಿ ಪ್ಯಾಂಟಿನ ಹಿಂದೆ ಆರದ ಪಾಲಿಶ್ಶಿನ ಕೆಂಪು ಪಟ್ಟೆ ಮೂಡಿತ್ತು. ಅದನ್ನು ಅವನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸೆಟ್ಟು ಏರಿತು, ವೈರು ಜೋಡಣೆಯಾಯಿತು, ಎರಡೂ ಸ್ಪೀಕರುಗಳಿಂದ ಹಾಡು ಬಂತು. ಅಪ್ಪ ಬಗ್ಗದೆ, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತು ಕೇಳಿದ. ನಾನು ಮಂಡಕ್ಕಿ ಒಗ್ಗರಣೆ ಎರಡು ತಟ್ಟೆ, ಮಿರ್ಚಿ ಭಜಿ ಮೂರು ತಿಂದೆ. ನಾಲ್ಕನೆಯದಕ್ಕೆ ಕೈ ಹಾಕಿದಾಗ, "ಹೊಟ್ಟಿ ಆರಾಮಾತೇನು?" ಎಂದು ಅವ್ವ ಕೇಳಿದಳು. ಸಂಜೆಗೆಂದು ಇಟ್ಟುಕೊಂಡ ಅಳು ಸಂಜೆ ಬರಲೇ ಇಲ್ಲ.

ಈಗ ನನಗೆ ಐವತ್ತರ ಮೇಲಾಯಿತು. ರಾಯಚೂರಿನ ನನ್ನ ಮನೆಗೆ ಕಪಾಟು, ಮೇಜು ಎಲ್ಲ ರಟ್ಟಿನ ಡಬ್ಬಿಯಲ್ಲಿ ಅಳತೆಗೆ ಸರಿಯಾಗಿ ಬರುತ್ತವೆ. ಕೂಡದಿದ್ದರೆ ಅದೇ ಡಬ್ಬಿಯಲ್ಲಿ ವಾಪಸ್ಸು ಹೋಗುತ್ತವೆ. ಯಾರ ಎದುರೂ ನಿಂತು ಏನೂ ಹೇಳಬೇಕಿಲ್ಲ. ಆದರೆ ಮನೆಯಲ್ಲಿ, ಕೆಲಸದಲ್ಲಿ, ನನ್ನಿಂದ ತಪ್ಪಾಗುವುದೇನೂ ನಿಂತಿಲ್ಲ. ಈಗ ಅವುಗಳನ್ನು ಹೇಳುವ ಮೊದಲು ಯಾರಿಗೆ, ಯಾವಾಗ, ಎಷ್ಟು ಎಂದು ಹತ್ತು ಸಲ ಯೋಚಿಸುತ್ತೇನೆ. ಕೆಲವನ್ನು ಹೇಳದೆಯೇ ಇಟ್ಟುಕೊಳ್ಳುತ್ತೇನೆ. ಆ ಐತವಾರದ ನಂತರ ನಾನು, ತಪ್ಪು ಒಪ್ಪಿಕೊಳ್ಳುವುದು ಬಲು ಸುಲಭದ ಕೆಲಸ, ಸುಮ್ಮನೆ ಹೆದರಿದ್ದೆ ಎಂದುಕೊಂಡಿದ್ದೆ. ಅಪ್ಪ ಇರುವವರೆಗೂ ಅದು ಸುಲಭವೇ ಆಗಿತ್ತು.