ಮಿಲಾನಿನಲ್ಲಿ ಚಿಗವ್ವ ಕೈ ಚಾಚಿದಳು

ಮಿಲಾನಿನಲ್ಲಿ ಯಾರಾದರೂ ನಗುತ್ತ ಬಂದು "ರೆಗಾಲೊ" ಎಂದರೆ ನನ್ನ ಎದೆ ಧಸಕ್ಕೆನ್ನುತ್ತದೆ. ರೆಗಾಲೊ ಎಂದರೆ ಉಡುಗೊರೆ. ಅಂಥ ಒಳ್ಳೆಯ ಮಾತಿಗೂ ಹೆದರಬೇಕಾದ ಊರಿಗೆ ನಾನು ಮದುವೆಯಾಗಿ ಬಂದವಳು. ಇಲ್ಲೊಂದು ಹೋಟೆಲಿನಲ್ಲಿ ಕೋಣೆ ಸ್ವಚ್ಛ ಮಾಡುತ್ತೇನೆ. ಪಾಸ್‌ಪೋರ್ಟು ಕಳೆದುಕೊಂಡು ಅಳುತ್ತ ಬರುವ ಪ್ರವಾಸಿಗರನ್ನು ಕಂಡೂ ಕಂಡೂ ನನಗೂ ದಿಗಿಲು ಅಂಟಿಕೊಂಡಿದೆ. ನಮ್ಮೂರ ಸಂತೆಯಲ್ಲಿ ಗುರುತಿಲ್ಲದವರು ಮಾತಾಡಿಸಿದರೆ ಯಾವ ಓಣಿ ಎಂದು ಕೇಳುತ್ತೇವೆ. ಇಲ್ಲಿ ನಾನು ಮೊದಲು ಚೀಲ ಮುಟ್ಟಿ ನೋಡಿಕೊಳ್ಳುತ್ತೇನೆ.

ನವಲಗುಂದದಿಂದ ಚಿಗವ್ವ, ಅಂದರೆ ನನ್ನ ತಾಯಿಯ ತಂಗಿ, ನನ್ನನ್ನು ನೋಡಲು ಬಂದಳು. ದೊಡ್ಡ ಚರ್ಚಿನ ಚೌಕಕ್ಕೆ ಹೋಗುವ ದಾರಿಯುದ್ದಕ್ಕೂ ಆಕೆಯ ತಲೆ ತಿಂದೆ. ಚೀಲ ಹೊಟ್ಟೆಯ ಮೇಲಿರಲಿ. ಸಹಿ ಹಾಕಿ ಎಂದು ಕಾಗದ ಹಿಡಿದು ಬಂದರೆ ನಿಲ್ಲಬೇಡ. ಪಾರಿವಾಳಕ್ಕೆಂದು ಅಂಗೈಗೆ ಕಾಳು ಸುರಿದರೆ ಅಲ್ಲೇ ಚೆಲ್ಲಿ ನಡೆ, ಆಮೇಲೆ ದುಡ್ಡು ಕೇಳುತ್ತಾರೆ.

"ಸಾಕ ಬಿಡ ಯವ್ವಾ, ನಾ ಏನ್ ಸಣ್ಣ ಕೂಸೇನ?" ಎಂದಳು.

ರೆಗಾಲೊ ಎಂದು ಕೈಗೆ ದಾರ ಕಟ್ಟಿ ದೋಚುವವರ ಮಾತು ಬರುವ ಮೊದಲೇ ಚೌಕ ಬಂತು. ನಾನು ಚರ್ಚಿನ ಟಿಕೆಟು ತೆಗೆದು ತಿರುಗುವಷ್ಟರಲ್ಲಿ ಒಬ್ಬ ಆಕೆಯ ಮಣಿಕಟ್ಟಿಗೆ ಬಣ್ಣದ ದಾರ ಕಟ್ಟುತ್ತಿದ್ದ. ಚಿಗವ್ವ ಯಮನೂರಿನ ದರ್ಗಾದಲ್ಲಿ ನಿಂತಂತೆ ಬಲಗೈ ಚಾಚಿ, ಕಣ್ಣು ಮುಚ್ಚಿ ನಿಂತಿದ್ದಳು. ನಮ್ಮ ಕಡೆ ದಾರ ಕಟ್ಟುವಾಗ ಕೈ ಎಳೆದುಕೊಳ್ಳುವುದುಂಟೇ? ಪಕ್ಕಕ್ಕೆ ಜಾರಿದ ಚೀಲದ ಜಿಪ್ಪನ್ನು ಇನ್ನೊಬ್ಬ ಎಳೆಯುತ್ತಿದ್ದ. ಆಕೆಯ ಪಾಸ್‌ಪೋರ್ಟು ಅದರಲ್ಲೇ ಇತ್ತು.

"ಬಸ್ತಾ!" ಎಂದು ಕಿರುಚಿದೆ. ಸಾಕು, ನಿಲ್ಲಿಸು ಎಂದರ್ಥ. ಚೀಲ ಕಸಿದುಕೊಂಡೆ. ಇಬ್ಬರೂ ಜನರ ನಡುವೆ ಮಾಯವಾದರು.

"ಯಾಕ ಹಂಗ ಒದರಿದಿ? ಪಾಪ, ಅವಗ ಕಾಣಿಕಿ ಸೈತ ಕೊಟ್ಟಿಲ್ಲ," ಎಂದು ಚಿಗವ್ವ ನನ್ನ ಮೇಲೆಯೇ ರೇಗಿದಳು.

ಬಾಯ್ತೆರೆದ ಚೀಲ ತೋರಿಸಿದೆ. "ಪಾಸ್‌ಪೋರ್ಟ್ ಹೋಗಿದ್ರ ಊರಿಗೆ ಹ್ಯಾಂಗ ಹೋಗ್ತಿದ್ದಿ? ಇಲ್ಲೆ ಯಾರರ ಕೈ ಮುಟ್ಟಾಕ ಬಂದ್ರ ಜಗ್ಗಿಕೊಂಬಿಡು ಚಿಗವ್ವ."

ಆಕೆಯ ಮುಖ ಸಪ್ಪಗಾಯಿತು. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

ಸಂಜೆ ನಮ್ಮ ಕಟ್ಟಡದ ಮೆಟ್ಟಿಲಲ್ಲಿ ಕೆಳಗಿನ ಮನೆಯ ಇಟಾಲಿಯನ್ ಅಜ್ಜಿ ಸಿಕ್ಕಳು. ನಾನು ಬಂದ ಹೊಸದರಲ್ಲಿ ತವರು ನೆನೆದು ಅಳುತ್ತಿದ್ದಾಗ, ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ನನ್ನ ಕೈ ಹಿಡಿದು ಕೂರುತ್ತಿದ್ದವಳು ಆಕೆ. ಚಿಗವ್ವನನ್ನು ಕಂಡು ಮುಖವರಳಿಸಿ ಎರಡೂ ಕೈ ಚಾಚಿದಳು.

ಚಿಗವ್ವ ಹೆದರಿ ಗೋಡೆಗೆ ಸರಿದಳು. "ಬ್ಯಾಡ್ರಿ, ಬ್ಯಾಡ್ರಿ."

ಅಜ್ಜಿಯ ಕೈ ಹಾಗೇ ನಿಂತುಬಿಟ್ಟಿತು. ಅಜ್ಜಿಗೆ ಇಟಾಲಿಯನ್ನಿನಲ್ಲಿ ಏನು ಹೇಳಲಿ, ಚಿಗವ್ವನಿಗೆ ಕನ್ನಡದಲ್ಲಿ ಏನು ಹೇಳಲಿ? ಇಬ್ಬರೂ ನನ್ನವರೇ. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.