ಪರದೆಯ ಮೇಲೆ ನನ್ನ ಕರುಳು

ಮೊದಲು ಕಂಡದ್ದು ರಕ್ತ. ಡಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಊರಿನ ನಮ್ಮ ಆಫೀಸಿನ ಬಾತ್‌ರೂಮಿನಲ್ಲಿ, ಮೀಟಿಂಗಿಗೆ ಐದು ನಿಮಿಷ ಇರುವಾಗ. ಫ್ಲಶ್ ಮಾಡಿದೆ. ಕೈ ತೊಳೆದೆ. ಹೋಗಿ ಮೀಟಿಂಗಿನಲ್ಲಿ ಕೂತೆ. ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳುವಂಥ ವಿಷಯವೇ ಅದು?

ಡಾಲಸ್ಸಿನ ಕ್ಲಿನಿಕ್ಕಿನಲ್ಲಿ ಪೈಲ್ಸ್ ಅಂದರು. ಎರಡು ತಿಂಗಳು ಮುಲಾಮು ಹಚ್ಚಿದರೂ ರಕ್ತ ನಿಲ್ಲಲಿಲ್ಲ. ಆಗ ನನ್ನ ಗಂಡ ಸುರೇಶ ಡಾಕ್ಟರ್ ಅಂಕಲ್‌ಗೆ ಫೋನ್ ಮಾಡಿದ. ಅವರು ಧಾರವಾಡದ ಕಡೆಯವರು. ಪ್ರಾಕ್ಟೀಸಿನಿಂದ ನಿವೃತ್ತರಾಗಿ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿ ಇದ್ದರು. ಟೆಕ್ಸಸ್ಸಿನ ಕನ್ನಡದವರಲ್ಲಿ ಯಾರಿಗೆ ಏನಾದರೂ ಮೊದಲ ಫೋನ್ ಅವರಿಗೇ.

"ತಡಾ ಮಾಡಬ್ಯಾಡ್ರಿ. ಈ ವಾರನ ಕೊಲೊನೋಸ್ಕೋಪಿ ಮಾಡಸ್ರಿ, ಕರುಳಿನ ಒಳಗ ನೋಡ್ಲಿ," ಅಂದರು.

ಕ್ಯಾನ್ಸರ್.

ರೇಡಿಯೇಶನ್, ಕೀಮೋ, ಆಮೇಲೆ ಹ್ಯೂಸ್ಟನ್ನಿನಲ್ಲಿ ಸರ್ಜರಿ. ಒಳಗಿನ ಹೊಲಿಗೆ ಮಾಗುವ ತನಕ ಮಲ ಬೇರೆ ದಾರಿಯಲ್ಲಿ ಹೋಗಲಿ ಎಂದು ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿದಿದ್ದರು. ಅದಕ್ಕೆ ಸ್ಟೋಮಾ ಅನ್ನುತ್ತಾರೆ. ಕೆಂಪಗೆ, ಒದ್ದೆಯಾಗಿ, ತನ್ನಷ್ಟಕ್ಕೆ ಮಿಸುಕುತ್ತಿತ್ತು. ಅದರ ಮೇಲೊಂದು ಬ್ಯಾಗ್. ದಿನಕ್ಕೆ ಆರು ಸಲ ಖಾಲಿ ಮಾಡಬೇಕು. ನನ್ನ ಮೈಯನ್ನು ಕಂಡರೆ ನನಗೇ ಹೇಸಿಗೆ. ಮೊದಲ ದಿನ ಬ್ಯಾಗ್ ಬದಲಾಯಿಸುವಾಗ ಸುರೇಶ ಸಿಂಕಿಗೆ ಓಡಿಹೋಗಿ ವಾಂತಿ ಮಾಡಿದ. ಮಾರನೆಯ ದಿನ ಅವನೇ ನರ್ಸ್ ಹತ್ತಿರ ಕೂತು ಬ್ಯಾಗಿನ ಬಾಯಿ ಕತ್ತರಿಸುವುದು, ಅಂಟಿಸುವುದು, ಒರೆಸುವುದು ಎಲ್ಲ ಕಲಿತ. ಆಮೇಲೆ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಆದರೆ ನನ್ನ ತಲೆಯಲ್ಲಿ ಉಳಿದದ್ದು ಮೊದಲ ದಿನ ಮಾತ್ರ.

ಆಸ್ಪತ್ರೆಗೆ ಹತ್ತಿರ ಎಂದು ಮೂರು ವಾರ ಅಂಕಲ್ ಮನೆಯಲ್ಲೇ ಇದ್ದೆವು. ಒಂದು ಭಾನುವಾರ ಅಲ್ಲಿ ಸತ್ಯನಾರಾಯಣ ಪೂಜೆ. ಕಥೆ ನಡೆಯುವಾಗ ಬ್ಯಾಗ್ ಸಡಿಲವಾಯಿತು. ಸೀರೆಯ ಮೇಲೆ, ಜಮಖಾನದ ಮೇಲೆ. ಇಪ್ಪತ್ತು ಜನರ ಎದುರು. ಆಂಟಿ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ತೊಳೆದರು. ಆಮೇಲೆ ಅಂಕಲ್ ಬಂದು ಮಂಚದ ಹತ್ತಿರ ಕೂತರು.

"ಸುರೇಶ ಉಸಿರು ಬಿಗಿಹಿಡ್ಕೊಂಡು ನನ್ನ ಹತ್ರ ಬರ್ತಾನೆ ಅಂಕಲ್," ಅಂದೆ. "ಇವಳು ಸತ್ತಿದ್ರೇ ಚೆನ್ನಾಗಿತ್ತು ಅಂತ ಅವನಿಗೂ ಅನ್ನಿಸಿರುತ್ತೆ."

"ಹಂಗ ಅನ್ನಬಾರದವಾ," ಎಂದು ನನ್ನ ಕೈ ಹಿಡಿದುಕೊಂಡರು.

ಅವರು ಡಾಕ್ಟರ್ ಎನ್ನುವ ಕಾರಣಕ್ಕೆ ಹಾಗೆ ಹೇಳಿದ್ದೆ. ಬೇರೆ ಯಾರ ಹತ್ತಿರವೂ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.

ಎಂಟು ತಿಂಗಳ ಮೇಲೆ ಇನ್ನೊಂದು ಆಪರೇಶನ್ ಮಾಡಿ ಕರುಳನ್ನು ಒಳಗೆ ಸೇರಿಸಿದರು. ಕೆಲಸಕ್ಕೆ ಮರಳಿದೆ. ಎರಡು ವರ್ಷ ಬಿಟ್ಟು, ರೋಗಿಗಳೊಂದಿಗಿನ ತಮ್ಮ ಅನುಭವಗಳ ಬಗ್ಗೆ ಅಂಕಲ್ ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಬಂತು. ನಮಗೂ ಒಂದು ಪ್ರತಿ ಕಳಿಸಿದರು. ಆಸ್ಪತ್ರೆಯ ಸುದ್ದಿ ಓದುವ ತ್ರಾಣ ನನಗಿರಲಿಲ್ಲ, ತೆಗೆದಿಟ್ಟೆ. ಮುಂದಿನ ವರ್ಷ ಆಸ್ಟಿನ್ನಿನ ಒಂದು ಸಣ್ಣ ತಂಡ ಆ ಪುಸ್ತಕವನ್ನು ಸಿನಿಮಾ ಮಾಡಿತು. "ಬರಬೇಕ್ರಿ ಇಬ್ಬರೂ," ಎಂದು ಅಂಕಲ್ ಫೋನ್ ಮಾಡಿದರು. ಜೀವ ಉಳಿಸಿದವರು. ಸಂತೋಷದಿಂದಲೇ ಆಸ್ಟಿನ್ನಿನ ಮೊದಲ ಪ್ರದರ್ಶನಕ್ಕೆ ಹೋದೆವು.

ಸಿನಿಮಾದ ಅರ್ಧದಲ್ಲಿ ಒಂದು ಪೂಜೆ ಬಂತು. ಹಸಿರು ಸೀರೆ ಉಟ್ಟ ಹೆಂಗಸು, ಹೆಸರು ಲೀಲಾ. ಅವಳ ಸೀರೆಯ ಮೇಲೆ ಕಂದು ಕಲೆ ನಿಧಾನವಾಗಿ ಹರಡಿತು.

ಅದು ನಾನು.

ಕ್ಯಾಮೆರಾ ಅವಳ ಹಿಂದೆಯೇ ಬಾತ್‌ರೂಮಿಗೆ ಹೋಯಿತು. ಸ್ಟೋಮಾವನ್ನು ಹತ್ತಿರದಿಂದ ತೋರಿಸಿದರು. ಮುಂದಿನ ಸಾಲಿನಲ್ಲಿ ಯಾರೋ ಛೀ ಅಂದರು. ಆಮೇಲೆ ಮಂಚದ ಹತ್ತಿರ ಕೂತ ಡಾಕ್ಟರಿಗೆ ಲೀಲಾ ನನ್ನದೇ ಆ ಎರಡು ಮಾತು ಹೇಳಿದಳು, ಇಂಗ್ಲಿಷಿನಲ್ಲಿ. ಪೂಜೆಗೆ ಬಂದಿದ್ದ ಒಂದು ಕುಟುಂಬ ಎರಡು ಸಾಲು ಮುಂದೆ ಕೂತಿತ್ತು. ಅವರು ಹಿಂತಿರುಗಿ ನನ್ನನ್ನು ನೋಡಿದರು. ನಾನು ಸುರೇಶನನ್ನು ನೋಡಲಿಲ್ಲ. ಸಿನಿಮಾ ಮುಗಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಂಕಲ್ ವೇದಿಕೆ ಹತ್ತಿ ಕೈಮುಗಿದರು. ನಾನು ಕೂತೇ ಇದ್ದೆ.

ಡಾಲಸ್ಸಿಗೆ ವಾಪಸ್ ಡ್ರೈವ್ ಮಾಡುವಾಗ, ಅರ್ಧ ದಾರಿಯ ವೇಕೋ ದಾಟಿದ ಮೇಲೆ ಸುರೇಶ ಕೇಳಿದ.

"ನಾನು ಹಾಗೆ ಅಂದ್ಕೊಂಡಿದ್ದೆ ಅಂತ ನಿಂಗೆ ನಿಜವಾಗ್ಲೂ ಅನ್ನಿಸಿತ್ತಾ?"

"ಒಂದು ದಿನ," ಅಂದೆ. "ಆ ಒಂದೇ ದಿನ."

ಅವನು ರಸ್ತೆ ನೋಡುತ್ತಲೇ ಕಣ್ಣು ಒರೆಸಿಕೊಂಡ. ಎಂಟು ತಿಂಗಳು ನನ್ನ ಹೊಲಸು ತೊಳೆದವನು. ಆ ಮಾತನ್ನು ಅವನಿಗೆ ಹೇಳಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವಳು ನಾನಾಗಿದ್ದೆ. ಬೇರೆಯವರು ಟಿಕೆಟ್ ಇಟ್ಟು ಅವನಿಗೆ ಕೇಳಿಸಿದರು.

ಮುಂದಿನ ಶನಿವಾರ ಸ್ಟಾಫರ್ಡ್‌ಗೆ ಹೋದೆವು. ಆಂಟಿ ಚಹಾ ತಂದರು.

"ನನ್ನನ್ನ ಒಂದು ಮಾತು ಕೇಳಬೇಕಿತ್ತು ಅಂಕಲ್," ಅಂದೆ.

"ಹೆಸರು ಬದಲಿ ಮಾಡೀನಲ್ಲವಾ."

"ಹೆಸರು ಬಿಟ್ಟು ಇನ್ನೇನು ಬದಲಾಯಿಸಿದ್ರಿ? ಅವತ್ತು ಪೂಜೆಗೆ ಬಂದಿದ್ದವರೇ ಹಿಂದೆ ತಿರುಗಿ ನನ್ನನ್ನ ನೋಡಿದ್ರು."

"ನೋಡು, ನಾ ನಿನ್ನ ಡಾಕ್ಟರ್ ಅಲ್ಲ. ನೀ ನನ್ನ ಪೇಶೆಂಟ್ ಅಲ್ಲ. ಆ ಒಪ್ಪಿಗಿ ಕೇಳೂ ರೂಲ್ಸ್ ಎಲ್ಲಾ ನನಗ ಲಾಗೂ ಆಗೂದಿಲ್ಲ. ಇದನ್ನ ನೋಡಿ ನಾಕು ಮಂದಿಗೆ ಧೈರ್ಯ ಬರ್ತದ."

"ಹಾಗಾದ್ರೆ ಕೇಳೋಕೆ ಏನು ಕಷ್ಟ ಇತ್ತು?"

"ಕೇಳಿದ್ರ ನೀ ಬ್ಯಾಡ ಅಂತಿದ್ದಿ."

ಆಂಟಿ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟರು. "ಅಂದ್ರ ನಿಮಗ ಗೊತ್ತಿತ್ತು," ಅಂದರು ಗಂಡನಿಗೆ.

ಸುರೇಶ ಎದ್ದ. ನಾನೂ ಎದ್ದೆ. ಚಹಾ ಹಾಗೇ ಉಳಿಯಿತು.

ಸಿನಿಮಾ ಮಾಡಿದ ಹುಡುಗಿಗೆ ನಾನೇ ಫೋನ್ ಮಾಡಿದೆ. ಎಲ್ಲ ರೋಗಿಗಳ ಒಪ್ಪಿಗೆ ಇದೆ ಎಂದು ಅಂಕಲ್ ಬರೆದು ಸಹಿ ಮಾಡಿಕೊಟ್ಟಿದ್ದರಂತೆ. "ನಾನೂ ಒಂದು ಸಲ ವಿಚಾರಿಸಬೇಕಿತ್ತು, ಕ್ಷಮಿಸಿ," ಅಂದಳು. ಡಿವಿಡಿ ಬರುವಾಗ ಆ ದೃಶ್ಯ ತೆಗೆದಿದ್ದಳು. ಪುಸ್ತಕ ಮಾತ್ರ ಹಾಗೇ ಇದೆ. ಅಂಕಲ್ ಎರಡು ಪುಟದ ಪತ್ರ ಬರೆದರು. ತಮಗಾದ ನೋವಿನ ಬಗ್ಗೆ.

ಅವರಿಲ್ಲದಿದ್ದರೆ ಪೈಲ್ಸ್ ಅಂದುಕೊಂಡೇ ನಾನು ಸಾಯುತ್ತಿದ್ದೆ. ಅದೂ ನಿಜ. ಆ ಋಣ ನೆನೆದಾಗಲೆಲ್ಲ ಹೇಸಿಗೆಯೂ ಜೊತೆಗೇ ಬರುತ್ತದೆ. ಎರಡನ್ನೂ ಬೇರ್ಪಡಿಸಲು ಆಗುತ್ತಿಲ್ಲ. ಈಗೀಗ ಆ ಪ್ರಯತ್ನ ಬಿಟ್ಟಿದ್ದೇನೆ.

ಹೋದ ತಿಂಗಳು ಡಾಲಸ್ಸಿನಲ್ಲಿ ಚೆಕಪ್ ಇತ್ತು. ಗೌನ್ ಹಾಕಿಕೊಂಡು ಪಕ್ಕಕ್ಕೆ ತಿರುಗಿ ಮಲಗಿದ್ದೆ. ಡಾಕ್ಟರು ಬಾಗಿಲಲ್ಲೇ ನಿಂತು, ಇಬ್ಬರು ಸ್ಟೂಡೆಂಟ್ಸ್ ಇದ್ದಾರೆ, ಒಳಗೆ ಬಂದು ನೋಡಬಹುದಾ ಎಂದು ಕೇಳಿದರು. ಇಷ್ಟು ವರ್ಷ ಎಲ್ಲದಕ್ಕೂ ತಲೆಯಾಡಿಸಿದವಳು ನಾನು.

ಬೇಡ ಅಂದೆ.

"ಸರಿ," ಎಂದು ಅವರು ಆ ಇಬ್ಬರನ್ನು ಹೊರಗೇ ನಿಲ್ಲಿಸಿ ಬಾಗಿಲು ಹಾಕಿದರು. ಕಾರಣ ಕೇಳಲಿಲ್ಲ. ಪರೀಕ್ಷೆ ಮುಗಿಸಿ, ಕರುಳು ಕ್ಲೀನ್ ಇದೆ, ಇನ್ನೊಂದು ವರ್ಷ ಬರುವುದು ಬೇಡ ಅಂದರು. ನಾನು ಅತ್ತದ್ದು ಅದಕ್ಕೇ ಎಂದು ಅವರು ತಿಳಿದುಕೊಂಡರು.