ಸಕ್ಕರೆ ಅಚ್ಚಿಗೆ ಉಲ್ಲೇಖ

ನಮ್ಮ ಶಂಕರಪುರದ ಮನೆಗೆ ಕಂಪ್ಯೂಟರ್ ಬಂದಾಗ ಅದನ್ನು ಇಡುವುದಕ್ಕೆ ಬೇರೆ ಜಾಗವಿರಲಿಲ್ಲ. ಹಾಲಿನ ಮೂಲೆಯಲ್ಲಿದ್ದ ಹೊಲಿಗೆ ಮಷೀನಿನ ಮೇಲೆ ಹಲಗೆ ಹಾಕಿ ಕೂರಿಸಿದೆವು. ಕಾಲಿಟ್ಟರೆ ಕೆಳಗಿನ ಪೆಡಲ್ ಅಲ್ಲಾಡುತ್ತಿತ್ತು. ಟೈಪ್ ಮಾಡುವಾಗಲೆಲ್ಲ ಯಾರದೋ ರವಿಕೆ ಹೊಲಿಯುತ್ತಿದ್ದೇನೆ ಅನ್ನಿಸುತ್ತಿತ್ತು.

ಆಗ ನಾನು ರಿಟೈರ್ ಆಗಿ ನಾಲ್ಕೈದು ವರ್ಷವಾಗಿತ್ತು. ಜೀವಮಾನವೆಲ್ಲ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಗ್ರಾಮರ್ ಹೇಳಿಕೊಟ್ಟವಳು ನಾನು. ಓದಿದ್ದೂ ಕಾನ್ವೆಂಟಿನಲ್ಲಿ. ಅಲ್ಲಿ ಕನ್ನಡ ಮಾತಾಡಿ ಸಿಕ್ಕಿಬಿದ್ದವಳ ಕೊರಳಿಗೆ ಒಂದು ರಟ್ಟಿನ ಚೂರು ತೂಗುಹಾಕುತ್ತಿದ್ದರು. ಇನ್ನೊಬ್ಬಳು ಸಿಕ್ಕಿಬೀಳುವವರೆಗೂ ಅದನ್ನು ಹಾಕಿಕೊಂಡೇ ಇರಬೇಕು. ನನ್ನ ಕೊರಳಲ್ಲಿ ಅದು ಹೆಚ್ಚು ದಿನ ಇದ್ದದ್ದಿಲ್ಲ, ಬೇಗ ಕಲಿತುಬಿಟ್ಟೆ. ಈಗ ಬೇಜಾರಾಗುವುದು ಆ ಬೇಗ ಕಲಿತದ್ದಕ್ಕೇ.

ಮನೆಯಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ನನ್ನ ಅತ್ತಿಗೆ. ಅಣ್ಣ ತೀರಿಕೊಂಡು ಬಹಳ ವರ್ಷವಾಗಿತ್ತು. ನಾನು ಮದುವೆಯಾಗಲಿಲ್ಲ. ಅತ್ತಿಗೆ ಶಾಲೆ ಬಿಟ್ಟದ್ದು ಚಿಕ್ಕ ವಯಸ್ಸಿನಲ್ಲೇ. ಆದರೆ ಅವರು ಬಾಯಿ ತೆರೆದರೆ ಬರುವ ಕನ್ನಡ ನನಗೆ ಈ ಜನ್ಮದಲ್ಲಿ ಬರುವುದಿಲ್ಲ.

ಯಾರು ಬೇಕಾದರೂ ಬರೆಯಬಹುದಾದ, ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶವೊಂದು ಇಂಟರ್ನೆಟ್ಟಿನಲ್ಲಿದೆ, ಕನ್ನಡದಲ್ಲೂ ಇದೆ ಎಂದು ಪೇಪರಿನಲ್ಲಿ ಓದಿದೆ. ಇಂಗ್ಲಿಷಿನದನ್ನು ತೆರೆದರೆ ಏನುಂಟು ಏನಿಲ್ಲ. ಕನ್ನಡದ್ದು ಬೀಗ ಹಾಕಿದ ಮನೆಗಳ ಬೀದಿಯಂತಿತ್ತು. ಒಂದು ಊರಿನ ಹೆಸರು ಒತ್ತಿದರೆ, ಇದು ಕರ್ನಾಟಕದ ಒಂದು ಊರು ಎಂಬ ಒಂದೇ ಸಾಲು. ಪುಟದ ಎಡಗಡೆ ತಮಿಳು, ತೆಲುಗು, ಮರಾಠಿ, ಹಿಂದಿ ಎಂದು ಸಾಲಾಗಿ ಬೇರೆ ಭಾಷೆಗಳ ಹೆಸರಿರುತ್ತಿತ್ತು. ಒತ್ತಿ ನೋಡಿದರೆ ಅವರೆಲ್ಲ ಪುಟಗಟ್ಟಲೆ ಬರೆದುಕೊಂಡಿದ್ದಾರೆ. ನನಗೆ ಗಿಲ್ಟಿ ಅನ್ನಿಸಿತು. ಫ್ರಾಂಕ್ಲಿ ಹೇಳುವುದಾದರೆ, ಕೊರಳಲ್ಲಿ ಮತ್ತೆ ರಟ್ಟಿನ ಚೂರು ತೂಗಿದ ಹಾಗಾಯಿತು, ಈ ಸಲ ಉಲ್ಟಾ ಕಾರಣಕ್ಕೆ.

ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಉಪಾಯವಿತ್ತು. ನನ್ನ ಬೆರಳಿಗೆ ಅದು ಬೇಗ ಹಿಡಿಯಿತು. ಬರೆಯುವುದಕ್ಕೆ ಮಾತ್ರ ನನ್ನಲ್ಲಿ ಏನೂ ಇರಲಿಲ್ಲ. ಅದು ಇದ್ದದ್ದು ಅತ್ತಿಗೆಯ ಹತ್ತಿರ.

ಶಂಕರಪುರದಲ್ಲಿ ಸಂಕ್ರಾಂತಿ ಹತ್ತಿರ ಬಂತೆಂದರೆ ಸಕ್ಕರೆ ಅಚ್ಚಿಗೆ ನಮ್ಮ ಮನೆಗೇ ಜನ ಬರುತ್ತಿದ್ದರು. ಎಳ್ಳಿನ ಜೊತೆ ಬೀರುವ ಬಿಳಿಯ ಸಕ್ಕರೆ ಗಿಳಿ, ಆನೆ, ತುಳಸಿಕಟ್ಟೆ, ಬಾಳೆಗೊನೆ. ಅತ್ತಿಗೆಯ ಅಚ್ಚಿನಲ್ಲಿ ಗಿಳಿಯ ಕೊಕ್ಕು ಮುರಿಯುತ್ತಿರಲಿಲ್ಲ. ಮರದ ಅಚ್ಚುಗಳು ಅವರ ಅಜ್ಜಿಯ ಕಾಲದವು. ಎರಡು ಮಾತ್ರ ಮಾಮೂಲ್‌ಪೇಟೆಯ ಗಲ್ಲಿಯಲ್ಲಿ ಆಮೇಲೆ ಕೊಂಡವು, ಅವನ್ನು ಅತ್ತಿಗೆ ಕೊನೆಯವರೆಗೂ ಹೊಸದು ಎಂದೇ ಕರೆದರು.

ಹಾಗಾಗಿ ಮೊದಲ ಲೇಖನ ಅದೇ ಆಯಿತು. ಮಧ್ಯಾಹ್ನ ಊಟವಾಗಿ ಕಾಫಿಯ ಹೊತ್ತಿನವರೆಗೆ ಅತ್ತಿಗೆ ಕುರ್ಚಿ ಎಳೆದುಕೊಂಡು ಕೂತು ಹೇಳುವುದು, ನಾನು ಬೆರಳಾಡಿಸುವುದು.

"ಅಚ್ಚನ್ನ ಹಿಂದಿನ ದಿನವೇ ನೀರಲ್ಲಿ ಹಾಕ್ಬೇಕು. ಮರ ನೀರು ಕುಡಿದು ತಣಿದಿರ್ಬೇಕು, ಆಗ ಸಕ್ಕರೇನ ಹಿಡ್ಕೊಳಲ್ಲ, ಬಿಟ್ಕೊಡತ್ತೆ. ಬರ್ಕೊಂಡ್ಯಾ?"

"ಎಷ್ಟು ಗಂಟೆ ಅಂತ ಬರೀಲಿ ಅತ್ತಿಗೆ?"

"ಗಂಟೆ ಯಾಕೇ? ಕೈಲಿ ಹಿಡಿದ್ರೆ ಭಾರ ಗೊತ್ತಾಗಲ್ವಾ?"

"ಓದೋರ ಕೈಲಿ ಅಚ್ಚಿರಲ್ವಲ್ಲ."

"ಅಚ್ಚೇ ಇಲ್ದೋರು ಇದನ್ನ ಯಾಕೆ ಓದ್ತಾರೆ?"

ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು ಬಟ್ಟೆಯಲ್ಲಿ ಸೋಸುವುದು, ಒಂದೊಂದೇ ಸೌಟು ಸಣ್ಣ ಪಾತ್ರೆಗೆ ತೆಗೆದು ಬೆಳ್ಳಗೆ ನೊರೆಗಟ್ಟುವವರೆಗೆ ತಿರುವುವುದು, ಅಚ್ಚಿನ ಎರಡು ಹೋಳು ಸೇರಿಸಿ ದಾರ ಬಿಗಿದು ಸುರಿಯುವುದು, ಎಲ್ಲ ನಾಲ್ಕು ಮಧ್ಯಾಹ್ನ ಹಿಡಿಯಿತು. ಯಾವ ಮನೆಗೆ ಮೊದಲು ಬೀರಬೇಕು, ಮಗುವಿನ ಮೊದಲ ಸಂಕ್ರಾಂತಿಗೆ ಯಾವ ಆಕಾರ, ಅದೂ ಸೇರಿತು. ಮೇಲೆ ಶ್ರೀಕಾರ ಹಾಕಿದೆವು. ಏನೇ ಬರೆದರೂ, ಸಾಮಾನಿನ ಚೀಟಿಗೂ, ಅತ್ತಿಗೆ ಶ್ರೀಕಾರ ಬಿಟ್ಟವರಲ್ಲ. ಕೊನೆಯಲ್ಲಿ, ಓದಿದವರಿಗೆ ಶುಭವಾಗಲಿ ಎಂದು ಬರೆಸಿ ತಮ್ಮ ಹೆಸರು ಹಾಕಿಸಿದರು. ತಮ್ಮ ಹೆಸರನ್ನು ಪರದೆಯ ಮೇಲೆ ನೋಡಿ ಸೆರಗಿನಿಂದ ಗಾಜು ಒರೆಸಿದರು.

ಒಂದು ಗಂಟೆಯೊಳಗೆ ಶ್ರೀಕಾರ, ಶುಭ, ಹೆಸರು ಮೂರೂ ಮಾಯವಾದವು.

"ಶ್ರೀಕಾರ ಅಳಿಸೋರು ಎಂಥೋರೇ?" ಅತ್ತಿಗೆ ಕೇಳಿದರು.

"ವಿಶ್ವಕೋಶದಲ್ಲಿ ಹಾಗೆಲ್ಲ ಹಾಕಬಾರ್ದಂತೆ. ಬರೆದೋರ ಹೆಸರೂ ಇರಬಾರ್ದಂತೆ. ರೂಲ್."

"ಹೋಗ್ಲಿ ಬಿಡು. ವಿಷಯ ಇದೆಯಲ್ಲ."

ವಿಷಯವೂ ಇರುತ್ತದೆಂಬ ಗ್ಯಾರಂಟಿ ಇಲ್ಲ ಎಂದು ಗೊತ್ತಾದದ್ದು ಮಾರನೆಯ ದಿನ. ಪುಟದ ಮೇಲೆ ಒಂದು ಎಚ್ಚರಿಕೆಯ ಪಟ್ಟಿ ಬಂದಿತ್ತು. ಈ ಲೇಖನಕ್ಕೆ ಯಾವ ಉಲ್ಲೇಖವೂ ಇಲ್ಲ, ಒಂದು ವಾರದೊಳಗೆ ಕೊಡದಿದ್ದರೆ ಅಳಿಸಲಾಗುವುದು.

ಆ ಭಾನುವಾರ ಬರೆಯುವವರೆಲ್ಲ ಸೇರುವ ಒಂದು ಮೀಟಿಂಗ್ ಇತ್ತು, ಬಸವನಗುಡಿಯ ಒಬ್ಬರ ಮನೆಯ ಮಹಡಿಯ ಮೇಲೆ. ಏಳೆಂಟು ಜನ, ಒಂದು ಫ್ಲಾಸ್ಕ್ ಕಾಫಿ. ಮಲ್ಲೇಶ್ವರದಿಂದ ಬಂದಿದ್ದ ಒಬ್ಬರು ಬ್ಯಾಂಕಿನಿಂದ ವಾಲಂಟರಿ ರಿಟೈರ್‌ಮೆಂಟ್ ತೆಗೆದುಕೊಂಡು ಇದಕ್ಕೇ ಕೂತಿದ್ದರು. ಆ ಪಟ್ಟಿ ಹಾಕಿದವರು ಅವರೇ. ನಾನು ಜಗಳಕ್ಕೆ ಸಿದ್ಧವಾಗಿ ಹೋಗಿದ್ದೆ. ಅವರು ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟರು.

"ನಿಮ್ಮತ್ತಿಗೆಯವರು ಹೇಳಿರೋದೆಲ್ಲ ಸರಿ ಅಂತ ನಂಗೂ ಗೊತ್ತು ಮೇಡಂ. ನಮ್ಮಮ್ಮನೂ ನೀರಲ್ಲೇ ನೆನೆಹಾಕ್ತಿದ್ದಿದ್ದು. ಆದ್ರೆ ನಮ್ಮಮ್ಮನೂ ಸೋರ್ಸ್ ಅಲ್ಲ."

"ಮತ್ಯಾರು ಸೋರ್ಸ್?"

"ಅಚ್ಚಾಗಿರ್ಬೇಕು. ಪುಸ್ತಕ, ಪತ್ರಿಕೆ, ಕೊನೇಪಕ್ಷ ಒಂದು ಸ್ಮರಣ ಸಂಚಿಕೆ. ಇಲ್ದಿದ್ರೆ ನಾಳೆ ಯಾರೋ ಬಂದು, ನಮ್ಮಜ್ಜಿ ಸೀಮೆಎಣ್ಣೆ ಹಚ್ತಿದ್ರು ಅಂತ ಬರೀತಾರೆ. ಅದನ್ನ ಹೇಗೆ ಬೇಡ ಅನ್ನೋದು ಹೇಳಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರ ಮಾತಿನಲ್ಲಿ ತಪ್ಪು ಹುಡುಕಲಾಗಲಿಲ್ಲ. ಹೋಂವರ್ಕಿಗೆ ಪ್ರೂಫ್ ಕೇಳುತ್ತಿದ್ದ ಟೀಚರೇ ಅಲ್ಲವೇ ನಾನು.

ಲೈಬ್ರರಿಗೆ ಹೋದೆ. ಚಾಮರಾಜಪೇಟೆಯ ಹಳೆ ಪುಸ್ತಕದ ಅಂಗಡಿಯಲ್ಲಿ ಧೂಳು ಕುಡಿದೆ. ಅಡುಗೆ ಪುಸ್ತಕಗಳಿದ್ದವು, ಎಳ್ಳಿನ ಮಿಶ್ರಣ ಹೇಳುತ್ತಿದ್ದವು, ಸಕ್ಕರೆ ಅಚ್ಚಿನ ಹತ್ತಿರ ಬಂದರೆ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೈ ತೊಳೆದುಕೊಳ್ಳುತ್ತಿದ್ದವು. ನಾಲ್ಕು ದಿನ ಹೋಯಿತು. ನಾನು ಓಡಾಡುವುದನ್ನು ಅತ್ತಿಗೆ ಮಾತಿಲ್ಲದೆ ನೋಡುತ್ತಿದ್ದರು. ಮಾತಿನ ಮಲ್ಲಿ ಅವರು, ಹಾಗೆ ಸುಮ್ಮನಿದ್ದಾರೆಂದರೆ ಏನೋ ಇದೆ ಎಂದು ನನಗೆ ಹೊಳೆಯಬೇಕಿತ್ತು.

ಐದನೆಯ ದಿನ ಬೆಳಿಗ್ಗೆ ತಮ್ಮ ಟ್ರಂಕಿನ ಅಡಿಯಿಂದ ಒಂದು ತೆಳ್ಳನೆಯ ಪುಸ್ತಕ ತಂದು ಹೊಲಿಗೆ ಮಷೀನಿನ ಮೇಲಿಟ್ಟರು. ನಮ್ಮ ಬಡಾವಣೆಯ ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆ, ತೊಂಬತ್ತರ ದಶಕದ್ದು. ಒಳಗೆ ಎರಡು ಪುಟದ ಲೇಖನ: ಸಂಕ್ರಾಂತಿಯ ಸಕ್ಕರೆ ಅಚ್ಚು. ಕೆಳಗೆ ಆಗಿನ ಕಾರ್ಯದರ್ಶಿಯವರ ಹೆಸರು.

ನನಗೆ ನೆನಪಾಯಿತು. ಒಂದು ಮಧ್ಯಾಹ್ನ ಅವರು ಬಂದು ನಮ್ಮ ಹಾಲಿನಲ್ಲಿ ಕೂತು, ಅತ್ತಿಗೆ ಹೇಳಿದ್ದನ್ನೆಲ್ಲ ಬರೆದುಕೊಂಡು ಹೋಗಿದ್ದರು. ಎರಡು ಸಲ ಕಾಫಿ ಕುಡಿದಿದ್ದರು. ಲೇಖನದಲ್ಲಿ ಅತ್ತಿಗೆಯ ಮಾತೇ ಇತ್ತು, ಮಗುವಿನ ಮೊದಲ ಸಂಕ್ರಾಂತಿಯೂ ಇತ್ತು. ಅತ್ತಿಗೆ ಇದ್ದದ್ದು ಒಂದೇ ಕಡೆ, ಹಿರಿಯ ಗೃಹಿಣಿಯೊಬ್ಬರು ತಿಳಿಸುವಂತೆ ಎಂದು.

"ಇಷ್ಟು ವರ್ಷ ಯಾಕೆ ತೋರಿಸ್ಲಿಲ್ಲ ಅತ್ತಿಗೆ? ಹೆಸರು ಹಾಕ್ಲಿಲ್ಲ ಅಂತಲಾ?"

"ಹೆಸರು ಕಟ್ಕೊಂಡು ಏನ್ಮಾಡ್ಲಿ. ಅಲ್ಲಿ ಓದು, ಮೂರನೇ ಸಾಲು."

ಮರದ ಅಚ್ಚುಗಳಿಗೆ ತೆಳುವಾಗಿ ತುಪ್ಪ ಸವರಿ, ಎಂದಿತ್ತು.

"ಕೊಬ್ಬರಿ ಮಿಠಾಯಿ ತಟ್ಟೆ ನೆನಪಾಗಿರ್ಬೇಕು ಮಹಾರಾಯರಿಗೆ. ತುಪ್ಪ ಸವರಿದ್ರೆ ಅಚ್ಚು ಹಳದಿಗಟ್ಟತ್ತೆ, ಮುಗ್ಗಲು ವಾಸನೆ ಬರತ್ತೆ, ಗಿಳಿ ಕೊಕ್ಕು ಅಲ್ಲೇ ಕಚ್ಕೊಳತ್ತೆ. ನಾನು ತುಪ್ಪ ಸವರ್ತೀನಿ ಅಂದ್ಕೊಳಲ್ವೇನೇ ಜನ?"

"ನಿಮ್ಮ ಹೆಸರೇ ಇಲ್ವಲ್ಲ ಇದ್ರಲ್ಲಿ."

"ಅವ್ರು ನಮ್ಮನೇಗೆ ಬಂದು ಕೂತಿದ್ದು ಬೀದಿಗೆಲ್ಲ ಗೊತ್ತು."

ಹತ್ತು ವರ್ಷಕ್ಕೂ ಮೇಲೆ ಸೀರೆಗಳ ಅಡಿಯಲ್ಲಿ ಅವರು ಮುಚ್ಚಿಟ್ಟಿದ್ದು ಆ ಒಂದು ಸಾಲನ್ನು. ಈಗ ಲೇಖನ ಉಳಿಯಬೇಕಾದರೆ ಅದನ್ನೇ ಹೊರತೆಗೆಯಬೇಕು. ಅತ್ತಿಗೆ ಪುಸ್ತಕವನ್ನು ನನ್ನ ಕಡೆ ಸರಿಸಿದರು.

"ಹಾಕು," ಅಂದರು. "ಆದ್ರೆ ಆ ಸಾಲು ಬಿಟ್ಟು ಹಾಕು."

ಇಲ್ಲಿ ನಾನು ಮಾಡಿದ ತಪ್ಪು ಹೇಳಿಬಿಡಬೇಕು. ಲೇಖನದ ಕೆಳಗೆ ಸಂಚಿಕೆಯ ಹೆಸರು, ಪುಟ, ಕಾರ್ಯದರ್ಶಿಯವರ ಹೆಸರು ಕೊಟ್ಟೆ. ಅಷ್ಟು ಸಾಕಿತ್ತು. ಆದರೆ ಆ ಸಂಚಿಕೆ ಬೇರೆ ಯಾರ ಹತ್ತಿರವೂ ಇರಲಾರದು, ನಂಬುವುದು ಹೇಗೆ ಎಂದುಕೊಂಡು, ಲೇಖನದ ಬಗ್ಗೆ ಚರ್ಚೆ ಮಾಡುವ ಪುಟದಲ್ಲಿ ಎರಡೂ ಪುಟವನ್ನು ಅಕ್ಷರ ಬಿಡದೆ ಟೈಪ್ ಮಾಡಿ ಹಾಕಿದೆ, ತುಪ್ಪವೂ ಸೇರಿ. ಕೋಟ್ ಮಾಡಿದರೆ ಪೂರ್ತಿ ಮಾಡಬೇಕು, ಬಿಟ್ಟರೆ ಅದು ಸುಳ್ಳಿಗೆ ಸಮ ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಹೇಳಿಕೊಟ್ಟಿದ್ದರು. ಅತ್ತಿಗೆಗೆ ಹೇಳಲಿಲ್ಲ. ಚರ್ಚೆಯ ಪುಟ ಯಾರು ನೋಡುತ್ತಾರೆ ಎಂದುಕೊಂಡೆ.

ಪಟ್ಟಿ ಹೋಯಿತು, ಲೇಖನ ಉಳಿಯಿತು. ಬ್ಯಾಂಕಿನವರು ಅಭಿನಂದನೆ ಬರೆದರು. ಅತ್ತಿಗೆ ಅಂದು ಹೆಸರುಬೇಳೆ ಪಾಯಸ ಮಾಡಿದರು.

ಎರಡು ವಾರ ಕಳೆದಿರಬೇಕು. ನೋಡಿದರೆ, ಹಿಂದಿನ ದಿನವೇ ನೀರಿನಲ್ಲಿ ನೆನೆಸಿ ಎಂಬುದು ಹೋಗಿ ತುಪ್ಪ ಸವರಿ ಎಂದಾಗಿತ್ತು. ತಿದ್ದಿದವರು ಯಾರೋ, ಯಾವ ಊರೋ. ಮೂಲದಲ್ಲಿರುವಂತೆ ಸರಿಪಡಿಸಿದೆ ಎಂದು ವಿನಯವಾಗಿ ಕಾರಣ ಬರೆದಿದ್ದರು. ನಾನು ನೀರು ಹಾಕಿದೆ. ಅವರು ತುಪ್ಪ ಹಾಕಿದರು. ಮತ್ತೆ ನೀರು, ಮತ್ತೆ ತುಪ್ಪ. ಮನೆಗೆಲಸ ಮುಗಿಸಿ ದಿನಾ ಅದೊಂದು ಕೆಲಸವಾಯಿತು, ಒಲೆಯ ಮೇಲಿನ ಹಾಲು ನೋಡುವ ಹಾಗೆ. ಕೊನೆಗೆ ಬ್ಯಾಂಕಿನವರಿಗೆ ಫೋನ್ ಮಾಡಿದೆ.

"ಏನ್ ಮಾಡ್ಲಿ ಹೇಳಿ ಮೇಡಂ," ಅಂದರು. ಅವರ ದನಿಯೂ ಸೋತಿತ್ತು. "ನೀವೇ ಕೊಟ್ಟಿರೋ ಸೋರ್ಸು. ನೀರಿಗೆ ಇನ್ನೊಂದು ಸೋರ್ಸ್ ಸಿಕ್ರೆ ಎರಡನ್ನೂ ಹಾಕೋಣ."

ಸಿಗಲಿಲ್ಲ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ನಮ್ಮ ಲೇಖನವನ್ನು ಇಂಗ್ಲಿಷಿಗೆ ತಂದಿದ್ದರು. ಲೈಟ್ಲಿ ಗ್ರೀಸ್ಡ್ ವಿತ್ ಘೀ. ಗ್ರಾಮರಿನಲ್ಲಿ ಒಂದು ತಪ್ಪಿರಲಿಲ್ಲ.

ಅತ್ತಿಗೆಗೆ ಇದೆಲ್ಲ ಹೇಳಿರಲಿಲ್ಲ. ಸಂಕ್ರಾಂತಿಗೆ ಎರಡು ದಿನವಿದ್ದಾಗ ಎದುರುಮನೆಯ ಸೊಸೆ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದಳು. ಎರಡು ಹೋಳು ಬಿಡಿಸಲಾಗದ ಮರದ ಅಚ್ಚು, ಸಂದಿಯಲ್ಲಿ ಹಳದಿ ಸಕ್ಕರೆ.

"ಇದೇನಮ್ಮಾ, ತುಪ್ಪದ ವಾಸನೆ?" ಅತ್ತಿಗೆ ಮೂಸಿ ಕೇಳಿದರು.

"ನೆಟ್ಟಲ್ಲಿ ಹಾಗೇ ಇದೆ ಆಂಟಿ. ವಿಶ್ವಕೋಶದಲ್ಲಿ. ನಿಮ್ಮನ್ನ ಯಾಕೆ ಸುಮ್ನೆ ತೊಂದ್ರೆ ಕೊಡೋದು ಅಂತ ಅದನ್ನೇ ನೋಡ್ಕೊಂಡು ಮಾಡ್ದೆ."

ಅತ್ತಿಗೆ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರು ಬಿಸಿನೀರಿನಲ್ಲಿ ಅಚ್ಚನ್ನು ಮುಳುಗಿಸಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಬಿಡಿಸಿಕೊಟ್ಟು, ನೀರಲ್ಲಿ ನೆನೆಹಾಕುವುದನ್ನು ಹೇಳಿ ಕಳಿಸಿದರು. ಅವಳು ಹೋದ ಮೇಲೆ ಕೈ ಒರೆಸಿಕೊಳ್ಳುತ್ತಾ ಬಂದು ಕೂತರು.

"ಬಿಟ್ಟು ಹಾಕು ಅಂದಿದ್ನಲ್ಲೇ."

"ತಪ್ಪಾಯ್ತು ಅತ್ತಿಗೆ. ಪೂರ್ತಿ ಹಾಕಿದ್ರೆ ಆನೆಸ್ಟ್ ಅಂದ್ಕೊಂಡೆ. ದಿನಾ ತಿದ್ತಿದೀನಿ, ಅವ್ರು ಮತ್ತೆ ಬದಲಾಯಿಸ್ತಾರೆ."

"ಎಷ್ಟು ದಿನದಿಂದ?"

"ಎರಡು ತಿಂಗಳಾಯ್ತು."

ಅವರು ನಗುತ್ತಾರೇನೋ ಎಂದುಕೊಂಡೆ. ನಗಲಿಲ್ಲ. "ಆ ಸಾಲೇ ತೆಗೆದ್ಬಿಡು. ತುಪ್ಪಾನೂ ಬೇಡ, ನೀರೂ ಬೇಡ."

"ಮುಖ್ಯವಾದ್ದೇ ಅದಲ್ವಾ?"

"ಹೌದು. ಅದಕ್ಕೇ. ಬೇಕಾದೋರು ಬಂದು ಕೇಳಲಿ."

ಅಂದೇ ತೆಗೆದೆ. ಪಾಕವನ್ನು ಮರದ ಅಚ್ಚುಗಳಿಗೆ ಸುರಿಯುತ್ತಾರೆ ಎಂದಷ್ಟೇ ಉಳಿಸಿದೆ. ಇಂಗ್ಲಿಷಿನಲ್ಲೂ ಹಾಗೇ ಮಾಡಿದೆ. ಆಶ್ಚರ್ಯವೆಂದರೆ ಯಾರೂ ತಕರಾರು ಮಾಡಲಿಲ್ಲ. ಇಲ್ಲದ ಮಾತಿಗೆ ಉಲ್ಲೇಖ ಕೇಳುವವರಿಲ್ಲ. ಅತ್ತಿಗೆ ಆಮೇಲೂ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು, ಆದರೆ ಹೇಳುವುದಕ್ಕಲ್ಲ, ನೋಡುವುದಕ್ಕೆ. ನಾನು ನದಿಗಳ ಬಗ್ಗೆ, ರೈಲ್ವೆ ಸ್ಟೇಷನ್‌ಗಳ ಬಗ್ಗೆ ಪುಸ್ತಕ ನೋಡಿ ಬರೆಯುತ್ತಾ ಹೋದೆ. ಅವಕ್ಕೆಲ್ಲ ಉಲ್ಲೇಖವಿತ್ತು.

ಈಗ ಅತ್ತಿಗೆ ಇಲ್ಲ. ಅಚ್ಚುಗಳು ನನ್ನ ಹತ್ತಿರ ಇವೆ. ಬೇಕಾದವರು ಬಂದು ಕೇಳಲಿ ಅಂದರಲ್ಲ, ಎದುರುಮನೆಯವಳು ಬಿಟ್ಟರೆ ಯಾರೂ ಕೇಳಿಲ್ಲ. ಅವಳೂ ಬೇರೆ ಬಡಾವಣೆಗೆ ಹೋದಳು. ಅವಳಿಗೆ ಗೊತ್ತು, ಅದೊಂದು ಸಮಾಧಾನ. ವರ್ಷಕ್ಕೊಮ್ಮೆ, ಸಂಕ್ರಾಂತಿಗೆ ಮುಂಚೆ ಅಚ್ಚುಗಳನ್ನು ನೆನೆಹಾಕಿದಾಗ, ನಾನು ಆ ಪುಟ ತೆರೆದು, ತಿರುವುವ ಸಾಲಿಗೂ ಸುರಿಯುವ ಸಾಲಿಗೂ ನಡುವೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಆಮೇಲೆ ಮುಚ್ಚಿ ಬಚ್ಚಲಿಗೆ ಹೋಗಿ ಬಕೆಟ್ಟಿನಿಂದ ಒಂದು ಅಚ್ಚು ತೆಗೆದು ಕೈಯಲ್ಲಿ ಹಿಡಿಯುತ್ತೇನೆ. ಭಾರ ಸಾಲದು ಅನ್ನಿಸಿದರೆ ಮತ್ತೆ ನೀರಿಗೆ ಬಿಡುತ್ತೇನೆ.